ಮಡಿಕೇರಿಯ ಒಂದು ಐಎಎಸ್-ಕೆಎಎಸ್ ತರಬೇತಿ ಕೇಂದ್ರ: ಹದಿನಾಲ್ಕು ತಿಂಗಳ ಲೆಕ್ಕ

ನಾಪೋಕ್ಲು ಸಮೀಪದ ನಮ್ಮ ಮನೆಯಿಂದ ಮೂರ್ನಾಡು ಮಾರ್ಗದ ಬಸ್ಸಿನಲ್ಲಿ ದಿನವೂ ಮಡಿಕೇರಿಗೆ ಹೋಗಿ ಬರುತ್ತ, 2024ರ ಜೂನ್ ಕೊನೆಯಿಂದ 2025ರ ಆಗಸ್ಟ್‌ವರೆಗೆ ನಾನು ಅಲ್ಲಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದಿದೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ನಾನು ಹೇಳಲಿರುವ ಕೊರತೆಗಳಲ್ಲಿ ಹೆಚ್ಚಿನವು ಸಣ್ಣ ಊರುಗಳಲ್ಲಿ ಈ ತರಬೇತಿ ನಡೆಯುವ ಕ್ರಮಕ್ಕೇ ಸೇರಿದವು ಎಂಬುದು ನನ್ನ ಅಭಿಪ್ರಾಯ. ಓದುಗರು ಮೊದಲೇ ತಿಳಿದಿರಬೇಕಾದ ಮಾತೊಂದಿದೆ: ನಾನು 2025ರಲ್ಲಿ ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್ ದಾಟಿದೆ, ಎರಡನೆಯದಾದ ಮೇನ್ಸ್ ಬರೆದೆ, ಸಂದರ್ಶನಕ್ಕೆ ಕರೆಯಲಾದವರ ಪಟ್ಟಿಯಲ್ಲಿ ನನ್ನ ಸಂಖ್ಯೆ ಇರಲಿಲ್ಲ. ಗೆದ್ದವರ ಸಲಹೆ ಬೇಕಾದವರು ಬೇರೆಡೆ ನೋಡಬೇಕು. ಇದು 45,000 ರೂಪಾಯಿ ಶುಲ್ಕ ತೆತ್ತ ಗಿರಾಕಿಯೊಬ್ಬರ ಲೆಕ್ಕ.

ಕೇಂದ್ರವು ಇಳಿಜಾರಿನಲ್ಲಿ ನಿಂತ ಕಟ್ಟಡವೊಂದರ ಮೇಲಂತಸ್ತಿನಲ್ಲಿದೆ. ಎರಡು ತರಗತಿ ಕೊಠಡಿ, ಇಪ್ಪತ್ತು ಜನ ಕೂರಬಹುದಾದ ಓದುವ ಕೋಣೆ, ಕಚೇರಿ, ಇಷ್ಟೇ. ಮಳೆಗಾಲದಲ್ಲಿ ಗೋಡೆಗಳಿಗೆ ಬೂಷ್ಟು ಹಿಡಿಯುತ್ತದೆ ಎಂಬುದನ್ನು ದೂರಾಗಿ ಹೇಳುತ್ತಿಲ್ಲ, ಮಡಿಕೇರಿಯಲ್ಲಿ ಯಾರ ಗೋಡೆಗೆ ಹಿಡಿಯುವುದಿಲ್ಲ. ಶುಲ್ಕದ ವಿಷಯದಲ್ಲಿ ಅವರು ತೋರಿದ ವಿವೇಕವನ್ನು ಮಾತ್ರ ಮೆಚ್ಚಬೇಕು. ಮೂರು ಕಂತುಗಳಲ್ಲಿ ಎರಡನೆಯದು ಅಕ್ಟೋಬರ್‌ನಲ್ಲಿ ಬರುತ್ತಿತ್ತು. ಸಣ್ಣ ಬೆಳೆಗಾರರ ಮನೆಯಲ್ಲಿ ಆ ತಿಂಗಳು ಕೈಯಲ್ಲಿ ಹಣ ಇರುವುದಿಲ್ಲ, ರೊಬಸ್ಟಾ ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ ಕೊಡುತ್ತೇವೆ ಎಂದು ತಂದೆಯವರು ಕೇಳಿದಾಗ, ಕಚೇರಿಯಲ್ಲಿದ್ದವರು ಒಂದು ಮಾತೂ ಆಡದೆ ದಿನಾಂಕವನ್ನು ಮಾರ್ಚಿಗೆ ತಿದ್ದಿ ರಸೀದಿ ಕೊಟ್ಟರು. ಕೊಯ್ಲಿನ ವಾರಗಳಲ್ಲಿ ತಪ್ಪಿಹೋದ ಟೆಸ್ಟುಗಳನ್ನು ಆಮೇಲೆ ಬರೆಯಲೂ ಬಿಟ್ಟರು.

ಸೇವೆಯನ್ನು ತೂಗಿ ನೋಡುವ ಮೊದಲು ಪರೀಕ್ಷೆಯ ಸ್ವರೂಪವನ್ನು ಹೇಳಬೇಕು, ಏಕೆಂದರೆ ನನ್ನ ತಕರಾರಿನ ಮೂಲ ಅಲ್ಲಿದೆ. ಕೊಠಾರಿ ಸಮಿತಿಯ ಶಿಫಾರಸಿನ ಮೇರೆಗೆ 1979ರಿಂದ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆ ಮೂರು ಹಂತಗಳಲ್ಲಿ ನಡೆಯುತ್ತಿದೆ: ಪ್ರಿಲಿಮ್ಸ್ ಎಂದು ಎಲ್ಲರೂ ಕರೆಯುವ ಪೂರ್ವಭಾವಿ ಪರೀಕ್ಷೆ, ಮೇನ್ಸ್ ಎಂಬ ಮುಖ್ಯ ಪರೀಕ್ಷೆ, ಕೊನೆಗೆ ಸಂದರ್ಶನ. ಮೊದಲನೆಯದು ಜರಡಿ ಮಾತ್ರ. ಅದರ ಅಂಕಗಳು ಅಂತಿಮ ಪಟ್ಟಿಗೆ ಸೇರುವುದೇ ಇಲ್ಲ, ಹುದ್ದೆಗಳ ಸಂಖ್ಯೆಯ ಸುಮಾರು ಹನ್ನೆರಡು-ಹದಿಮೂರು ಪಟ್ಟು ಜನರನ್ನು ಮುಂದಕ್ಕೆ ಬಿಟ್ಟು ಉಳಿದವರನ್ನು ಅಲ್ಲಿಯೇ ನಿಲ್ಲಿಸುವುದಷ್ಟೇ ಅದರ ಕೆಲಸ. ಲೆಕ್ಕಕ್ಕೆ ಬರುವುದು ಮೇನ್ಸಿನ 1,750 ಅಂಕ ಮತ್ತು ಸಂದರ್ಶನದ 275 ಅಂಕ, ಒಟ್ಟು 2,025. ಮೊದಲ ಹಂತದಲ್ಲಿ ಪೆನ್ನಿನಿಂದ ವೃತ್ತ ತುಂಬಬೇಕು, ಎರಡನೆಯದರಲ್ಲಿ ಐದು ದಿನಗಳಲ್ಲಿ ಒಂಬತ್ತು ಪತ್ರಿಕೆಗಳನ್ನು ಕೈಯಲ್ಲಿ ಬರೆಯಬೇಕು, ಮೂರನೆಯದರಲ್ಲಿ ಮಾತನಾಡಬೇಕು. ಹೀಗೆ ಮೂರು ಹಂತಗಳು ಕೇಳುವುದು ಮೂರು ಬೇರೆ ಬೇರೆ ಕೌಶಲಗಳನ್ನು. ಒಂದರಲ್ಲಿ ಪಳಗಿದವರು ಇನ್ನೊಂದರಲ್ಲಿ ತಾನಾಗಿಯೇ ಪಳಗಿರುತ್ತಾರೆ ಎಂದು ಹೇಳುವಂತಿಲ್ಲ.

ಕೇಂದ್ರದ ವೇಳಾಪಟ್ಟಿ ಇದನ್ನು ಏಣಿಯಂತೆ ಕಾಣುತ್ತದೆ. ಜುಲೈಯಿಂದ ಮೇ ತನಕ ಪ್ರಿಲಿಮ್ಸ್, ‘ಅದು ಆದ ಮೇಲೆ ಮೇನ್ಸ್ ನೋಡೋಣ’ ಎಂಬುದು ಅಲ್ಲಿ ದಿನಕ್ಕೊಮ್ಮೆ ಕಿವಿಗೆ ಬೀಳುವ ಮಾತು. 2025ರಲ್ಲಿ ಪ್ರಿಲಿಮ್ಸ್ ನಡೆದದ್ದು ಮೇ 25ರಂದು, ಮೇನ್ಸ್ ಆರಂಭವಾದದ್ದು ಆಗಸ್ಟ್ 22ರಂದು. ನಡುವೆ ಇದ್ದದ್ದು 89 ದಿನ, ಅದರಲ್ಲಿ ಫಲಿತಾಂಶಕ್ಕೆ ಕಾಯುತ್ತ ಕಳೆದ ದಿನಗಳೂ ಸೇರಿವೆ. ಈ ಅವಧಿಯಲ್ಲಿ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ, ಪ್ರಬಂಧ, ಐಚ್ಛಿಕ ವಿಷಯದ ಎರಡು ಪತ್ರಿಕೆ, ಎರಡು ಭಾಷಾ ಪತ್ರಿಕೆ ಇವೆಲ್ಲವನ್ನೂ ಮೊದಲಿನಿಂದ ಓದಿ ಬರೆಯಲು ಕಲಿಯುವುದು ಯಾರಿಂದಲೂ ಆಗದ ಕೆಲಸ. ಓದನ್ನು ಮೇನ್ಸಿನಿಂದ ಆರಂಭಿಸಿ, ಪ್ರಿಲಿಮ್ಸಿಗೆ ಕೊನೆಯ ಮೂರು-ನಾಲ್ಕು ತಿಂಗಳು ಮೀಸಲಿಡುವುದೇ ಸರಿಯಾದ ಕ್ರಮ ಎಂಬುದು ನನಗೆ ಅರ್ಥವಾಗುವಷ್ಟರಲ್ಲಿ ಜೂನ್ ಬಂದಿತ್ತು, ಹೊರಗೆ ಮಳೆ ಹಿಡಿದಿತ್ತು.

ಹಾಗೆಂದು ಮೊದಲ ಹಂತದ ತರಬೇತಿಯನ್ನು ಕಡಿಮೆ ಮಾಡಿ ಹೇಳಲಾರೆ. ಅಲ್ಲಿನ ಪ್ರಿಲಿಮ್ಸ್ ತರಗತಿಗಳು ಚೆನ್ನಾಗಿವೆ. ಸಂವಿಧಾನ ಮತ್ತು ಭೂಗೋಳ ಹೇಳುವ ಇಬ್ಬರು ಅಧ್ಯಾಪಕರು ಪಾಠವನ್ನು ಹಿಂದಿನ ವರ್ಷಗಳ ಪ್ರಶ್ನೆಗಳಿಂದಲೇ ಆರಂಭಿಸಿ, ಪ್ರಶ್ನೆ ಏಕೆ ಹಾಗೆ ಕೇಳಲಾಗಿದೆ, ಯಾವ ಒಂದು ಪದ ಇಡೀ ಹೇಳಿಕೆಯನ್ನು ಸುಳ್ಳು ಮಾಡುತ್ತದೆ ಎಂದು ತೋರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಮೂವತ್ತೆರಡು ಟೆಸ್ಟುಗಳಿದ್ದವು, ಪ್ರತಿಯೊಂದಕ್ಕೂ ವೃತ್ತ ತುಂಬುವ ನಿಜವಾದ ಒಎಂಆರ್ ಹಾಳೆ, ಬೆಳಗ್ಗೆ 9.30ಕ್ಕೆ ಆರಂಭ, ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿದ್ದೇ. ನಾಪೋಕ್ಲಿನ ಬಸ್ ಕೈಕೊಟ್ಟ ದಿನ ನಾನೂ ಬಾಗಿಲ ಹೊರಗೆ ನಿಂತಿದ್ದೇನೆ. ಆ ದಿನ ಸಿಟ್ಟು ಬಂದಿತ್ತು, ಆದರೆ ಮೇ 24ರಂದೇ ಮುಂಗಾರು ಕೇರಳಕ್ಕೆ ಕಾಲಿಟ್ಟ ಆ ವರ್ಷ, ಮರುದಿನದ ಪರೀಕ್ಷೆಗಾಗಿ ಒಂದು ದಿನ ಮೊದಲೇ ಮೈಸೂರಿಗೆ ಹೋಗಿ ಉಳಿದುಕೊಳ್ಳುವ ಬುದ್ಧಿ ಬಂದದ್ದು ಆ ಮುಚ್ಚಿದ ಬಾಗಿಲಿನಿಂದಲೇ.

ಪ್ರಿಲಿಮ್ಸಿನೊಳಗೇ ಇದ್ದ ದೊಡ್ಡ ಲೋಪ ಎರಡನೆಯ ಪತ್ರಿಕೆಯದು, ಅಂದರೆ ಗಣಿತ, ತರ್ಕ, ಗದ್ಯದ ಗ್ರಹಿಕೆಯನ್ನು ಅಳೆಯುವ ಸಿಸ್ಯಾಟ್. 2011ರಲ್ಲಿ ಆರಂಭವಾದ ಈ ಪತ್ರಿಕೆ 2015ರಿಂದ ಅರ್ಹತೆಗೆ ಮಾತ್ರ ಸೀಮಿತವಾಗಿದೆ. ಶೇಕಡಾ 33 ಬಂದರೆ ಸಾಕು, ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಅಂಕ ಇದ್ದರೂ ಉಪಯೋಗವಿಲ್ಲ. ‘ಅರ್ಹತೆಗೆ ತಾನೆ’ ಎಂದು ಕೇಂದ್ರದವರು ಇಡೀ ವರ್ಷದಲ್ಲಿ ಅದಕ್ಕೆ ಕೊಟ್ಟದ್ದು ಆರು ತರಗತಿ. ಲೆಕ್ಕ ಹಾಕಿ ನೋಡಿದರೆ ಆ ನಿರ್ಲಕ್ಷ್ಯದ ಬೆಲೆ ತಿಳಿಯುತ್ತದೆ. ಎಂಬತ್ತು ಪ್ರಶ್ನೆ, ಒಂದಕ್ಕೆ ಎರಡೂವರೆ ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ದಾಟಬೇಕಾದ ಗೆರೆ 200ಕ್ಕೆ 66. ಮೂವತ್ತು ಸರಿ, ಹತ್ತು ತಪ್ಪು ಆದರೆ 66.67 ಬಂದು ನೀವು ಒಳಗೆ. ಅದೇ ಮೂವತ್ತು ಸರಿಗೆ ಹನ್ನೊಂದು ತಪ್ಪಾದರೆ 65.83, ನೀವು ಹೊರಗೆ. ನಮ್ಮ ಬ್ಯಾಚಿನಲ್ಲಿ ಕಲಾ ವಿಭಾಗದಿಂದ ಬಂದವರೇ ಹೆಚ್ಚು, ಹತ್ತನೆಯ ತರಗತಿಯ ನಂತರ ಗಣಿತ ಮುಟ್ಟದವರು. ಮೊದಲ ಪತ್ರಿಕೆಯ ಟೆಸ್ಟುಗಳಲ್ಲಿ ಸದಾ ನನಗಿಂತ ಮುಂದಿದ್ದ ಸ್ನೇಹಿತೆಯೊಬ್ಬಳು ಆ ವರ್ಷ ಸಿಸ್ಯಾಟಿನ ದೆಸೆಯಿಂದ ಮನೆಗೆ ಮರಳಿದಳು. ಆರು ತರಗತಿಗಳಿಗೆ ಬದಲು ಅರವತ್ತು ಬೇಕಿತ್ತು ಎಂದು ನಾನು ಹೇಳುವುದಿಲ್ಲ. ಸೇರಿದ ಮೊದಲ ವಾರವೇ ಒಂದು ಸಿಸ್ಯಾಟ್ ಟೆಸ್ಟ್ ಬರೆಸಿ, ಯಾರಿಗೆ ಬೇಕು ಯಾರಿಗೆ ಬೇಡ ಎಂದು ವಿಂಗಡಿಸಿದ್ದರೆ ಸಾಕಾಗುತ್ತಿತ್ತು.

ಕೇಂದ್ರದ ಫಲಕದಲ್ಲಿ ‘ಐಎಎಸ್-ಕೆಎಎಸ್ ಸಂಯುಕ್ತ ಬ್ಯಾಚ್’ ಎಂದು ಬರೆದಿದೆ. ಕೇಳಲು ಲಾಭದ ಮಾತು, ಒಂದು ಶುಲ್ಕಕ್ಕೆ ಎರಡು ಪರೀಕ್ಷೆ. ಆದರೆ ಕೆಎಎಸ್‌ಗಾಗಿ ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ನಡೆಸುವ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ ಹೊರಗಿನಿಂದ ಮಾತ್ರ ಯುಪಿಎಸ್‌ಸಿಯಂತೆ ಕಾಣುತ್ತದೆ. ಅಲ್ಲಿಯೂ ಮೂರು ಹಂತ, ಅಲ್ಲಿಯೂ ಪ್ರಿಲಿಮ್ಸಿಗೆ 200 ಅಂಕಗಳ ಎರಡು ಪತ್ರಿಕೆ. ಆದರೆ ಎರಡೂ ಪತ್ರಿಕೆಗಳ ಅಂಕ ಸೇರಿಸಿಯೇ ಮೇನ್ಸಿಗೆ ಆಯ್ಕೆ. ಅಂದರೆ ಮನೋಸಾಮರ್ಥ್ಯದ ಪ್ರಶ್ನೆಗಳು ಅಲ್ಲಿ ಗೆರೆ ದಾಟಲು ಇರುವವಲ್ಲ, ಪೈಪೋಟಿಯ ಭಾಗ. ಮೇನ್ಸಿನಲ್ಲಿ ಈಗ ಐಚ್ಛಿಕ ವಿಷಯ ಇಲ್ಲ. ಪ್ರಬಂಧ ಮತ್ತು ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ ಸೇರಿ 1,250 ಅಂಕ. ಸಂದರ್ಶನಕ್ಕೆ ಕೇವಲ 25. ಯುಪಿಎಸ್‌ಸಿಯಲ್ಲಿ ಒಟ್ಟು ಅಂಕಗಳ ಏಳನೇ ಒಂದು ಭಾಗಕ್ಕೆ ಹತ್ತಿರವಿರುವ ಸಂದರ್ಶನ, ಕೆಪಿಎಸ್‌ಸಿಯಲ್ಲಿ ಐವತ್ತೊಂದರಲ್ಲಿ ಒಂದು ಭಾಗ. ಕೆಎಎಸ್ ಮಾತ್ರ ಗುರಿಯಾಗಿದ್ದವರು ನಮ್ಮ ಬ್ಯಾಚಿನಲ್ಲಿ ಹದಿಮೂರು ಜನ ಇದ್ದರು. ಅವರನ್ನು ಐಚ್ಛಿಕ ವಿಷಯದ ಮಾರ್ಗದರ್ಶನದ ತರಗತಿಗಳಲ್ಲಿ ಎಂಟು ವಾರ ಸುಮ್ಮನೆ ಕೂರಿಸಿದ್ದು ಏಕೆ ಎಂಬುದಕ್ಕೆ ಕಚೇರಿಯಿಂದ ತೃಪ್ತಿಕರ ಉತ್ತರ ಸಿಗಲಿಲ್ಲ.

ಊಹಿಸಿ ಉತ್ತರಿಸುವ ವಿಷಯದಲ್ಲೂ ಇದೇ ಗೊಂದಲ. ‘ಗೊತ್ತಿಲ್ಲದ್ದನ್ನು ಮುಟ್ಟಬೇಡಿ’ ಎಂಬ ಒಂದೇ ಉಪದೇಶ ಎರಡೂ ಪರೀಕ್ಷೆಗೆ. ಯುಪಿಎಸ್‌ಸಿಯಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಡಿತ ಇರುವುದರಿಂದ, ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ತುಂಬಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಲು ಬಂದ ಕ್ಷಣದಿಂದ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಕೆಪಿಎಸ್‌ಸಿಯಲ್ಲಿ ಕಡಿತ ನಾಲ್ಕನೇ ಒಂದು ಭಾಗ ಮಾತ್ರವಾದ್ದರಿಂದ ಅಲ್ಲಿ ಇನ್ನೂ ಸ್ವಲ್ಪ ಧೈರ್ಯ ಮಾಡಬಹುದು. ಹತ್ತು ನಿಮಿಷದಲ್ಲಿ ಹಲಗೆಯ ಮೇಲೆ ಬರೆದು ತೋರಿಸಬಹುದಾದ ಈ ಲೆಕ್ಕವನ್ನು ನಾನು ಕಲಿತದ್ದು ಬಸ್ಸಿನಲ್ಲಿ, ಸಹಪಾಠಿಯೊಬ್ಬರಿಂದ.

ಕನ್ನಡ ಮಾಧ್ಯಮದವರು ಗಮನಿಸಬೇಕಾದ ಸಂಗತಿ ಟೆಸ್ಟ್ ಪತ್ರಿಕೆಗಳ ಕನ್ನಡ. ಕೆಪಿಎಸ್‌ಸಿಯ 384 ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಅನುವಾದದ ದೋಷಗಳ ಬಗ್ಗೆ ರಾಜ್ಯದಾದ್ಯಂತ ದೂರು ಬಂದು, ಅದೇ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಆ ದಿನಗಳಲ್ಲಿ ನಮ್ಮ ಕೇಂದ್ರದ ಅಧ್ಯಾಪಕರು ಅನುವಾದದ ಮಹತ್ವದ ಮೇಲೆ ಗಂಟೆಗಟ್ಟಲೆ ಮಾತನಾಡಿದರು. ಮುಂದಿನ ವಾರ ಅವರದೇ ಟೆಸ್ಟ್ ಪತ್ರಿಕೆಯಲ್ಲಿ ‘ಸೇಕ್ರೆಡ್ ಗ್ರೋವ್ಸ್’ ಎಂಬುದಕ್ಕೆ ‘ಪವಿತ್ರ ತೋಪುಗಳು’ ಎಂದಿತ್ತು. ದೇವರಕಾಡು ಎಂಬ ಪದ ಗೊತ್ತಿಲ್ಲದ ಮಗು ಕೊಡಗಿನಲ್ಲಿ ಇಲ್ಲ. ಆ ಪದವನ್ನು ಕಳೆದುಕೊಂಡದ್ದು ಯಂತ್ರದ ಅನುವಾದವನ್ನು ಓದಿಯೂ ನೋಡದೆ ಅಚ್ಚು ಹಾಕಿದ ಸೋಮಾರಿತನ. ಇನ್ನೊಂದು ಪತ್ರಿಕೆಯಲ್ಲಿ ಸಂವಿಧಾನದ 110ನೇ ವಿಧಿಯ ಧನ ವಿಧೇಯಕ ‘ಹಣಕಾಸು ವಿಧೇಯಕ’ ಆಗಿತ್ತು. ಇವೆರಡೂ ಬೇರೆ, ಹಣಕಾಸು ವಿಧೇಯಕಗಳ ಮಾತು 117ನೇ ವಿಧಿಯಲ್ಲಿ ಬರುತ್ತದೆ, ಮತ್ತು ಪ್ರಶ್ನೆಯ ಉತ್ತರ ನಿಂತಿದ್ದುದೇ ಆ ವ್ಯತ್ಯಾಸದ ಮೇಲೆ. ದೂರು ಕೊಟ್ಟೆವು. ಆ ಪ್ರಶ್ನೆಗೆ ಎಲ್ಲರಿಗೂ ಎರಡು ಅಂಕ ಕೊಟ್ಟರು, ಅನುವಾದದ ರೀತಿ ಬದಲಾಗಲಿಲ್ಲ.

ಈಗ ಮೇನ್ಸ್. ಇಲ್ಲಿ ನನ್ನ ಮಾತು ಕೇಂದ್ರದ ಬಗ್ಗೆ ಕಟುವಾಗಿಯೂ ಒಬ್ಬ ವ್ಯಕ್ತಿಯ ಬಗ್ಗೆ ಕೃತಜ್ಞತೆಯಿಂದಲೂ ಇರುತ್ತದೆ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ ಇಪ್ಪತ್ತು ಪ್ರಶ್ನೆ, ಹತ್ತಕ್ಕೆ 150 ಪದ, ಹತ್ತಕ್ಕೆ 250 ಪದ, ಮೂರು ಗಂಟೆ; ಪ್ರಶ್ನೆಯೊಂದಕ್ಕೆ ಸರಾಸರಿ ಒಂಬತ್ತು ನಿಮಿಷ. ಓದಿ, ಯೋಚಿಸಿ, ಕೊಟ್ಟ ಜಾಗದೊಳಗೇ ಬರೆದು ಮುಗಿಸಬೇಕು. ಇದನ್ನು ಕೇಳಿ ಕಲಿಯಲಾಗದು, ಬರೆದು ತಿದ್ದಿಸಿಕೊಂಡೇ ಕಲಿಯಬೇಕು. ಕೇಂದ್ರದವರು ಪ್ಯಾಕೇಜಿನಲ್ಲಿ ‘ಉತ್ತರ ಬರವಣಿಗೆ, ಮೌಲ್ಯಮಾಪನ ಸಹಿತ’ ಎಂದು ಅಚ್ಚು ಹಾಕಿಸಿದ್ದಾರೆ. ಜೂನ್‌ನಿಂದ ನಾನು ಕೊಟ್ಟ ನಲವತ್ತಕ್ಕೂ ಹೆಚ್ಚು ಉತ್ತರಗಳಲ್ಲಿ ಮುಕ್ಕಾಲು ಪಾಲು ಹಿಂದಿರುಗಿದ್ದು ‘ಚೆನ್ನಾಗಿದೆ, ಇನ್ನಷ್ಟು ಅಂಶ ಸೇರಿಸಿ’ ಎಂಬ ಒಂದೇ ಷರಾದೊಂದಿಗೆ. ಭಾರೀ ಮಳೆಗೆ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಸಾರಿದ ದಿನಗಳಲ್ಲಿ ಕೇಂದ್ರವೂ ಮುಚ್ಚುತ್ತಿತ್ತು, ಅದು ಸರಿಯೇ. ಪಾಠದ ವಿಡಿಯೊ ಕಳಿಸುತ್ತೇವೆ ಎನ್ನುತ್ತಿದ್ದರು. ಮೂರು ದಿನ ಕರೆಂಟಿಲ್ಲದ, ಮೊಬೈಲಿಗೆ ಸಿಗ್ನಲ್ ಇಲ್ಲದ ಮನೆಗಳಿಗೆ ವಿಡಿಯೊ ಕಳಿಸುವ ಬದಲು ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಮೊದಲೇ ಕೈಗೆ ಕೊಟ್ಟಿದ್ದರೆ ಚಿಮಿಣಿ ಬೆಳಕಿನಲ್ಲಾದರೂ ಬರೆಯುತ್ತಿದ್ದೆವು.

ಇದಕ್ಕೆ ಹೊರತಾದದ್ದು ಭಾನುವಾರದ ತರಗತಿ. ನಿವೃತ್ತ ಕನ್ನಡ ಉಪನ್ಯಾಸಕರೊಬ್ಬರು, ನಾವೆಲ್ಲ ಮೇಷ್ಟ್ರು ಎಂದೇ ಕರೆಯುವವರು, ಬೆಳಗ್ಗೆ ಹತ್ತರಿಂದ ಒಂದರವರೆಗೆ ಪ್ರಬಂಧ, ಭಾಷಾ ಪತ್ರಿಕೆ ಮತ್ತು ಉತ್ತರ ಬರವಣಿಗೆ ನೋಡುತ್ತಾರೆ. ಮಾನವ-ವನ್ಯಜೀವಿ ಸಂಘರ್ಷದ ಬಗ್ಗೆ ನಾನು ಬರೆದ ಮೊದಲ ಉತ್ತರದಲ್ಲಿ ಅರಣ್ಯನಾಶ, ಕಾರಿಡಾರ್, ಜಾಗೃತಿ, ಪರಿಹಾರಧನ ಎಲ್ಲವೂ ಇದ್ದವು. ಮೇಷ್ಟ್ರು ಓದಿ ಕೇಳಿದರು:

“ನಿಮ್ಮ ತೋಟದ ಬದಿಯಲ್ಲಿ ಆನೆ ಕಂದಕ ಇದೆಯಲ್ಲ, ಮಳೆಗಾಲ ಮುಗಿದ ಮೇಲೆ ಅದು ಹೇಗಿರುತ್ತದೆ?”

“ಮಣ್ಣು ಕುಸಿದು ಅರ್ಧ ತುಂಬಿರುತ್ತದೆ ಸರ್.”

“ಆನೆ?”

“ಇಳಿದು ಹತ್ತಿ ಬರುತ್ತದೆ.”

“ಇದನ್ನು ಬರೆಯದೆ ದೆಹಲಿಯವರು ಬರೆಯುವುದನ್ನು ಏಕೆ ಬರೆದಿದ್ದೀರಿ?”

ಅದೇ ಉತ್ತರವನ್ನು ಮೂರು ಸಲ ಬರೆಸಿದರು. ಮೂರನೆಯದರಲ್ಲಿ, ಹೆಚ್ಚು ಮಳೆಯ ಇಳಿಜಾರು ನೆಲದಲ್ಲಿ ಕಂದಕ ಏಕೆ ಉಳಿಯುವುದಿಲ್ಲ, ಸೋಲಾರ್ ಬೇಲಿಗೆ ಬಳ್ಳಿ ಹಬ್ಬಿದರೆ ಏನಾಗುತ್ತದೆ, ರೈಲು ಹಳಿಯ ತಡೆಗೋಡೆ ಎಲ್ಲಿ ಹೊಂದುತ್ತದೆ ಎಂಬ ಮೂರು ವಾಕ್ಯಗಳು ಬಂದು, ಹಳೆಯ ಅರ್ಧಪುಟ ತಾನಾಗಿಯೇ ಬಿದ್ದುಹೋಯಿತು. ಪಶ್ಚಿಮ ಘಟ್ಟಗಳ ಪ್ರಶ್ನೆಗೂ ಇದೇ ಪಾಠ. ಘಟ್ಟಗಳ ಸಂರಕ್ಷಣೆಯ ಬಗೆಗಿನ 2011ರ ಗಾಡ್ಗೀಳ್ ವರದಿ ಮತ್ತು 2013ರ ಕಸ್ತೂರಿರಂಗನ್ ವರದಿಗಳ ವ್ಯತ್ಯಾಸವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆ ವರದಿಗಳ ಮಾತು ಬಂದಾಗ ಊರಿನ ಗ್ರಾಮಸಭೆಯಲ್ಲಿ ಬೆಳೆಗಾರರು ಏನು ಕೇಳಿದರು, ಕೊಡಗಿನ 2018ರ ಭೂಕುಸಿತದ ನಂತರ ಅದೇ ಜನ ಏನು ಕೇಳತೊಡಗಿದರು ಎಂಬುದನ್ನು ಎರಡೂ ಕಡೆಗೆ ನ್ಯಾಯವಾಗಿ ಬರೆಯುವುದು ಮೇಷ್ಟ್ರು ಕಲಿಸಿದ್ದು.

ಕನ್ನಡದಲ್ಲಿ ಮೇನ್ಸ್ ಬರೆಯಬಹುದು, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆಲ್ಲ ಆ ಅವಕಾಶ ಇದೆ. ಆದರೆ ಸಾಮಾನ್ಯ ಅಧ್ಯಯನದ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಒಂಬತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಯೋಚಿಸಿ ಬರೆಯುವವರಿಗೆ ಒತ್ತಕ್ಷರಗಳ ಲಿಪಿ ಕೈಯನ್ನು ನಿಧಾನ ಮಾಡುತ್ತದೆ. ಇದರ ಎದುರಿಗೆ ನಮಗಿರುವ ಒಂದು ಅನುಕೂಲವನ್ನು ಮೇಷ್ಟ್ರು ತೋರಿಸಿಕೊಟ್ಟರು: ಕನ್ನಡದ ಪದಗಳು ವಿಭಕ್ತಿ, ಕಾಲ, ಕಾರಣಗಳನ್ನೆಲ್ಲ ತಮ್ಮೊಳಗೇ ಹೊತ್ತಿರುತ್ತವೆ. ‘ಜಾರಿಗೊಳಿಸಬೇಕಾಗಿದ್ದುದರಿಂದ’ ಎಂಬುದು ಒಂದೇ ಪದ. 150 ಪದಗಳ ಮಿತಿಯಲ್ಲಿ ಕನ್ನಡ ಹಿಡಿಸುವಷ್ಟು ಸರಕನ್ನು ಇಂಗ್ಲಿಷ್ ಹಿಡಿಸಲಾರದು. ಪದಗಳನ್ನು ಎಣಿಸುತ್ತ ಕೂರದೆ, ಕೊಟ್ಟ ಪುಟದ ಗೆರೆಗಳನ್ನು ನೋಡಿ ಬರೆಯಿರಿ ಎಂದರು. ಪರೀಕ್ಷೆಯ ಕೊಠಡಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಪಾಡಿದ್ದು ಈ ಒಂದು ಮಾತು.

ಭಾಷಾ ಪತ್ರಿಕೆಗಳ ಬಗ್ಗೆಯೂ ಅವರು ಒಬ್ಬರೇ ಗಂಭೀರವಾಗಿದ್ದರು. ಕನ್ನಡ ಮತ್ತು ಇಂಗ್ಲಿಷ್, ತಲಾ 300 ಅಂಕ, ತಲಾ ಶೇಕಡಾ 25 ಬಂದರೆ ಸಾಕು, ಆದರೆ ಬಾರದಿದ್ದರೆ ಉಳಿದ ಏಳು ಪತ್ರಿಕೆಗಳ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಪ್ರಬಂಧ, ಗದ್ಯಭಾಗದ ಪ್ರಶ್ನೆ, ಸಂಕ್ಷೇಪ ಲೇಖನ, ಎರಡೂ ದಿಕ್ಕಿನ ಅನುವಾದ, ವ್ಯಾಕರಣ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಬ್ಯಾಚಿನ ಕೆಲವರು, ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತ ಬೆಳೆದವರು, ಬರಹದ ಕನ್ನಡಕ್ಕೆ ಬಂದದ್ದೇ ಇಲ್ಲಿ. ಅವರಿಗೆ ಈ ಪತ್ರಿಕೆ ಔಪಚಾರಿಕ ಅಲ್ಲ, ನಿಜವಾದ ಅಪಾಯ. ಮೇಷ್ಟ್ರು ಅವರನ್ನು ಬೇರೆ ಕೂರಿಸಿ ದಿನಪತ್ರಿಕೆಯ ಸಂಪಾದಕೀಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಸುತ್ತಿದ್ದರು.

ಮಾದರಿ ಸಂದರ್ಶನದ ಬಗ್ಗೆ ಬರೆಯದಿದ್ದರೆ ಅನ್ಯಾಯವಾದೀತು, ಏಕೆಂದರೆ ಕೇಂದ್ರದ ಜಾಹೀರಾತಿನಲ್ಲಿ ಅತ್ಯಂತ ದೊಡ್ಡ ಚಿತ್ರ ಅದರದ್ದೇ. ಅದನ್ನು ಏರ್ಪಡಿಸಿದ್ದು ಫೆಬ್ರವರಿಯಲ್ಲಿ, ಅಂದರೆ ಪ್ರಿಲಿಮ್ಸ್ ಕೂಡ ನಡೆಯುವ ಮೊದಲು, ಬ್ಯಾಚಿನ ಎಲ್ಲರಿಗೂ. ಕೋಟು ತೊಟ್ಟ ಐವರು, ಉದ್ದ ಮೇಜು, ಫೋಟೊ. ನಿಜವಾದ ಸಂದರ್ಶನದಲ್ಲಿ ಪ್ರಶ್ನೆಗಳು ಹೊರಡುವುದು ಅಭ್ಯರ್ಥಿ ತುಂಬಿಕೊಟ್ಟ ವಿವರವಾದ ಅರ್ಜಿಯಿಂದ: ಊರು, ಓದು, ಹವ್ಯಾಸ, ಕೆಲಸ. ಇಲ್ಲಿ ಅಂಥ ಅರ್ಜಿಯನ್ನು ನಮ್ಮಿಂದ ತುಂಬಿಸಿರಲೇ ಇಲ್ಲ. ‘ಕೊಡಗಿನವರು’ ಎಂದ ಕೂಡಲೇ ಒಬ್ಬರು, “ಹಾಗಾದರೆ ನಿಮ್ಮ ಮನೆಯಲ್ಲಿ ಕೋವಿ ಇರಬೇಕಲ್ಲ, ಕೊಡವರಿಗೆ ಲೈಸೆನ್ಸ್ ಬೇಡ ತಾನೆ?” ಎಂದರು. ನಮ್ಮದು ಅರೆಭಾಷೆ ಮಾತನಾಡುವ ಮನೆ, ನಾವು ಕೊಡವರಲ್ಲ ಎಂದೆ. ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಒಳ್ಳೆಯ ಪ್ರಶ್ನೆ ಆರಂಭವಾಗಬೇಕಿದ್ದುದೇ ಅಲ್ಲಿ: ಆಯುಧ ಕಾಯಿದೆಯ ಆ ವಿನಾಯಿತಿ ಕೊಡವರ ಜೊತೆಗೆ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಹಿಡುವಳಿದಾರರಿಗೂ ಅನ್ವಯಿಸುತ್ತದೆ, ಅದನ್ನು 2029ರವರೆಗೆ ವಿಸ್ತರಿಸಲಾಗಿದೆ, ಸಮಾನತೆಯ ತತ್ತ್ವದ ಎದುರು ಅದನ್ನು ಹೇಗೆ ಸಮರ್ಥಿಸುತ್ತೀರಿ ಅಥವಾ ವಿರೋಧಿಸುತ್ತೀರಿ ಎಂದು ಕೇಳಿದ್ದರೆ ನನಗೆ ಹದಿನೈದು ನಿಮಿಷದ ಕೆಲಸವಾಗುತ್ತಿತ್ತು. ಕೇಳುವವರು ಅಭ್ಯರ್ಥಿಯ ಜಿಲ್ಲೆಯನ್ನು ಅಭ್ಯರ್ಥಿಗಿಂತ ಕಡಿಮೆ ತಿಳಿದಿದ್ದರೆ ಅದು ಅಭ್ಯಾಸ ಎನಿಸಿಕೊಳ್ಳುವುದಿಲ್ಲ.

ಹೊಸದಾಗಿ ಸೇರುವವರಿಗೆ ಒಂದು ಎಚ್ಚರಿಕೆ. ‘ಓದು ಮುಗಿಯದಿದ್ದರೂ ಪರವಾಗಿಲ್ಲ, ಒಮ್ಮೆ ಹೋಗಿ ಕುಳಿತು ಬನ್ನಿ, ಅನುಭವ ಆಗುತ್ತದೆ’ ಎಂದು ಕೇಂದ್ರದಲ್ಲಿ ಎಲ್ಲರಿಗೂ ಹೇಳುತ್ತಾರೆ. ಯುಪಿಎಸ್‌ಸಿಯಲ್ಲಿ ಅರ್ಜಿ ಹಾಕಿ ಹೋಗದಿದ್ದರೆ ಪ್ರಯತ್ನದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಪ್ರಿಲಿಮ್ಸಿನ ಒಂದೇ ಒಂದು ಪತ್ರಿಕೆಗೆ ಕುಳಿತರೂ ಒಂದು ಪ್ರಯತ್ನ ಕಳೆದಂತೆ. ಸಾಮಾನ್ಯ ವರ್ಗದವರಿಗೆ 32 ವರ್ಷದೊಳಗೆ ಆರು, ಇತರ ಹಿಂದುಳಿದ ವರ್ಗದವರಿಗೆ 35ರೊಳಗೆ ಒಂಬತ್ತು ಪ್ರಯತ್ನ. ಪರಿಶಿಷ್ಟ ಜಾತಿ, ಪಂಗಡದವರಿಗೆ 37ರವರೆಗೆ ಸಂಖ್ಯೆಯ ಮಿತಿ ಇಲ್ಲ. ಆರರಲ್ಲಿ ಒಂದನ್ನು ಅನುಭವಕ್ಕೆಂದು ಖರ್ಚು ಮಾಡಿ ಎನ್ನುವವರು ಆ ಆರನ್ನೂ ಎಣಿಸಿ ತೋರಿಸಬೇಕಿತ್ತು. ಅನುಭವ ಬೇಕಾದವರಿಗೆ ಕೇಂದ್ರದ ಟೆಸ್ಟುಗಳೇ ಸಾಕು, ಮೇಲೆ ಹೇಳಿದಂತೆ ಅವು ಕಟ್ಟುನಿಟ್ಟಾಗಿಯೇ ನಡೆಯುತ್ತವೆ.

ಉಳಿದ ಅನುಕೂಲಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಓದುವ ಕೋಣೆ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ಇನ್ವರ್ಟರ್ ಇದೆ, ಕುಡಿಯಲು ಬಿಸಿನೀರು ಇದೆ. ದೂರದ ಹಳ್ಳಿಗಳಿಗೆ ಕೊನೆಯ ಬಸ್ ಅದಕ್ಕೂ ಮೊದಲೇ ಹೊರಡುವುದರಿಂದ ಆ ಎಂಟು ಗಂಟೆ ಪೇಟೆಯಲ್ಲಿ ಉಳಿದುಕೊಂಡವರಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆ ಮತ್ತು ಸ್ವಚ್ಛವಾಗಿದೆ. ಮುದ್ರಿತ ಟಿಪ್ಪಣಿಗಳು ಎಂಟು ಸಂಪುಟ. ಸಂವಿಧಾನ ಮತ್ತು ಭೂಗೋಳದ್ದು ಇಟ್ಟುಕೊಳ್ಳುವಂಥವು, ಅರ್ಥಶಾಸ್ತ್ರದ್ದು ಹಳೆಯ ಬಜೆಟ್ಟಿನ ಅಂಕಿಗಳಲ್ಲೇ ನಿಂತಿದೆ.

ಪ್ರಿಲಿಮ್ಸ್ ಮಾತ್ರದ ಟೆಸ್ಟ್ ಸೀರೀಸನ್ನು ಕೇಂದ್ರದವರು ಪ್ರತ್ಯೇಕವಾಗಿ 6,000 ರೂಪಾಯಿಗೆ ಕೊಡುತ್ತಾರೆ. ಮನೆಯಲ್ಲಿ ಕುಳಿತು ಓದಬಲ್ಲವರಿಗೆ, ಮುಖ್ಯವಾಗಿ ಜಿಲ್ಲೆ ಬಿಟ್ಟು ಬೆಂಗಳೂರಿಗೆ ಹೋಗಿ ಬಾಡಿಗೆ ಕಟ್ಟಲಾಗದವರಿಗೆ, ಅದು ನಿಸ್ಸಂದೇಹವಾಗಿ ಯೋಗ್ಯ. ಪೂರ್ಣ ಪ್ಯಾಕೇಜನ್ನು ನಾನು ಶಿಫಾರಸು ಮಾಡುವುದಿಲ್ಲ. ಸೇರಲೇಬೇಕೆಂದಿದ್ದರೆ ಮೊದಲ ಕಂತು ಕಟ್ಟುವ ಮೊದಲು, ತಿದ್ದಿದ ಉತ್ತರ ಪತ್ರಿಕೆಗಳನ್ನು ತೋರಿಸಿ ಎಂದು ಕೇಳಿ, ಅವುಗಳ ಅಂಚಿನಲ್ಲಿ ಏನು ಬರೆದಿದ್ದಾರೆ ಎಂದು ನೋಡಿ.

ಮುಂದಿನ ಪ್ರಯತ್ನಕ್ಕಾಗಿ ನಾನು ಹುತ್ತರಿ ಹಬ್ಬ ಮುಗಿದ ವಾರ ಮತ್ತೆ ಆ ಕಚೇರಿಗೆ ಹೋಗಿದ್ದೆ. ಮೇಷ್ಟ್ರ ಭಾನುವಾರದ ತರಗತಿಗೆ ಮಾತ್ರ ಸೇರಿಕೊಳ್ಳಬಹುದೇ, ಶುಲ್ಕ ಎಷ್ಟಾದರೂ ಆಗಲಿ ಎಂದು ಕೇಳಿದೆ. ಹಾಗೆ ಬಿಡಿಯಾಗಿ ಕೊಡುವ ಪದ್ಧತಿ ಇಲ್ಲ, ಪ್ಯಾಕೇಜಿನಲ್ಲೇ ತೆಗೆದುಕೊಳ್ಳಬೇಕು ಎಂದರು. ಹಳೆಯ ವಿದ್ಯಾರ್ಥಿಯಾದ್ದರಿಂದ ಹತ್ತು ಪರ್ಸೆಂಟ್ ಕಡಿಮೆ ಮಾಡುತ್ತೇವೆ ಎಂದೂ ಸೇರಿಸಿದರು. ಮೆಟ್ಟಿಲಿಳಿದು ಬರುವಾಗ ಮೇಷ್ಟ್ರು ಕೊಡೆ ಮಡಚುತ್ತ ಎದುರಾದರು. ವಿಷಯ ಹೇಳಿದೆ. “ಸೇರುವುದು ಬಿಡುವುದು ನಿಮಗೆ ಬಿಟ್ಟದ್ದು. ಬರೆದದ್ದನ್ನು ಮನೆಗೆ ತನ್ನಿ, ನೋಡುತ್ತೇನೆ. ಶನಿವಾರ ಬೇಡ, ಶನಿವಾರ ಸಂತೆ” ಎಂದು ಹೇಳಿ ಮೇಲಕ್ಕೆ ಹತ್ತಿದರು.